ಯೂನಿಕ್ಸ್ ಪದ್ಧತಿಯ ಹಿನ್ನೆಲೆ ಪ್ರಕ್ರಿಯೆಗಳು: ಸಂಜ್ಞೆಯೂ ಸಂಬಂಧವೂ

ಗಣಕಯಂತ್ರದ ಸಹಾಯದಿಂದ ಹಳೆಯ ಗ್ರಂಥಗಳ ಪಾಠವನ್ನು ಸಿದ್ಧಪಡಿಸುವ ಪದ್ಧತಿಯು ಈಚೆಗೆ ವಿದ್ವಾಂಸರಲ್ಲಿ ಪ್ರಚುರವಾಗಿರುವುದು ವಾಚಕರಿಗೆ ವಿದಿತವೇ ಆಗಿದೆ. ಅಚ್ಚಾದ ಪುಸ್ತಕದ ಪುಟಗಳ ಚಿತ್ರಗಳನ್ನು ತೆಗೆದು ಟೆಸೆರಾಕ್ಟ್ ಎಂಬ ಅಕ್ಷರಾಭಿಜ್ಞಾನದ ಕ್ರಮವಿಧಿಗೆ ಒಪ್ಪಿಸಿದರೆ, ಅದು ಕನ್ನಡಾಕ್ಷರಗಳನ್ನೂ ಗುರುತಿಸಿ ಪಠ್ಯವನ್ನು ಬರೆದುಕೊಡುವುದು. ಪುಟಗಳು ಒಂದೆರಡಾದರೆ ಎದುರಿಗೆ ಕುಳಿತೇ ಮಾಡಿಸಿಕೊಳ್ಳಬಹುದು. ಆರು ನೂರು ಪುಟಗಳ ಗ್ರಂಥವಾದರೆ ಸಾಯಂಕಾಲ ಯಂತ್ರಕ್ಕೆ ಕೆಲಸವನ್ನು ವಹಿಸಿ ಮನೆಗೆ ಹೋಗುವುದೇ ರೂಢಿ. ಮರುದಿನ ಬಂದು ನೋಡಿದಾಗ ಕೆಲಸವು ಮುಗಿಯಿತೆಂಬ ಸೂಚನೆಯು ಕಾಣುವುದು. ಆದರೆ ಆ ಆರು ನೂರರಲ್ಲಿ ಹನ್ನೆರಡು ಪುಟಗಳು ಪಠ್ಯವಾಗದೆ ನಡುವೆ ಬಿದ್ದುಹೋಗಿದ್ದರೂ ಸೂಚನೆಯು ಅದೇ ಆಗಿರಬಹುದು. ಹಿಂದಿನ ಲಿಪಿಕಾರನು ಗ್ರಂಥಪಾತವಿದ್ದಲ್ಲಿ ಅಷ್ಟು ಜಾಗವನ್ನಾದರೂ ಬಿಟ್ಟು ಬರೆಯುತ್ತಿದ್ದನು. ಯಂತ್ರವು ಅದನ್ನೂ ಮಾಡದು. ಸಂಪಾದಕನಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಇದರ ಕಾರಣವು ಅಕ್ಷರಗಳನ್ನು ಗುರುತಿಸುವ ಕ್ರಮವಿಧಿಯಲ್ಲಿ ಇಲ್ಲದೆ, ಅನೇಕ ಕೆಲಸಗಳನ್ನು ಹಿನ್ನೆಲೆಗೆ ಕಳುಹಿಸಿ ನಡೆಯಿಸತಕ್ಕ ಷೆಲ್ ಲಿಪಿಯಲ್ಲಿಯೇ ಅನೇಕ ವೇಳೆ ಇರುವುದರಿಂದ, ಆ ವಿಷಯವನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಸಂಜ್ಞೆಗಳು. ಬರೆದಿಟ್ಟ ಕ್ರಮವಿಧಿಯು ಯಂತ್ರದಲ್ಲಿ ನಡೆಯುತ್ತಿರುವಾಗ ಅದಕ್ಕೆ ಪ್ರಕ್ರಿಯೆ ಎಂದು ಹೆಸರು. ಒಂದೇ ಕೃತಿಯನ್ನು ನಾಲ್ವರು ಏಕಕಾಲದಲ್ಲಿ ಪಾರಾಯಣ ಮಾಡಿದರೆ ಕೃತಿ ಒಂದು, ಪಾರಾಯಣಗಳು ನಾಲ್ಕು. ಹಾಗೆಯೇ ಕ್ರಮವಿಧಿ ಒಂದಾದರೂ ಪ್ರಕ್ರಿಯೆಗಳು ಅನೇಕ. ಇವುಗಳನ್ನೆಲ್ಲ ಆಳುವ ಮೂಲ ವ್ಯವಸ್ಥೆಗೆ ಕರ್ನೆಲ್ ಎಂದು ಹೆಸರು. ಮನುಷ್ಯನು ಬರೆದ ಆಜ್ಞೆಯನ್ನು ಓದಿ, ಅದರಂತೆ ಪ್ರಕ್ರಿಯೆಗಳನ್ನು ಹುಟ್ಟಿಸುವುದು ಷೆಲ್. ಆಜ್ಞೆಗಳನ್ನು ಸಾಲಾಗಿ ಒಂದು ಕಡತದಲ್ಲಿ ಬರೆದು ಷೆಲ್ಲಿಗೆ ಒಪ್ಪಿಸಿದರೆ ಅದು ಷೆಲ್ ಸ್ಕ್ರಿಪ್ಟ್, ಅಥವಾ ಷೆಲ್ ಲಿಪಿ. ಆಜ್ಞೆಗಳ ಹೆಸರುಗಳನ್ನು ಯಂತ್ರಕ್ಕೆ ರೋಮನ್ ಅಕ್ಷರಗಳಲ್ಲಿಯೇ ಕೊಡಬೇಕಾಗಿದ್ದರೂ ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಲಾಗಿದೆ.

ಯೂನಿಕ್ಸ್ ಪದ್ಧತಿಯು 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರಿಂದ ಆರಂಭವಾಯಿತು. ಇದರಲ್ಲಿ ಹೊಸ ಪ್ರಕ್ರಿಯೆಯನ್ನು ಹುಟ್ಟಿಸುವ ಕ್ರಮವು ವಿಲಕ್ಷಣವಾದುದು. ಇರುವ ಪ್ರಕ್ರಿಯೆಯು ತನ್ನ ಪ್ರತಿಬಿಂಬದಂತಿರುವ ಎರಡನೆಯದನ್ನು ಹುಟ್ಟಿಸುವುದು. ಆಮೇಲೆ ಆ ಎರಡನೆಯದು ತನ್ನ ರೂಪವನ್ನು ಬಿಟ್ಟು, ಮಾಡಬೇಕಾದ ಕೆಲಸದ ರೂಪವನ್ನು ತಾಳುವುದು. ಮೊದಲಿನ ವ್ಯಾಪಾರಕ್ಕೆ ಫೋರ್ಕ್ ಎಂದರೆ ಕವಲೊಡೆಯುವುದೆಂದೂ, ಎರಡನೆಯದಕ್ಕೆ ಎಕ್ಸೆಕ್ ಎಂದೂ ಹೆಸರು. ಹುಟ್ಟಿಸಿದುದು ತಾಯಿ, ಹುಟ್ಟಿದುದು ಶಿಶು ಎಂಬುದು ಅಲ್ಲಿಯ ಪರಿಭಾಷೆ. ಪಿಡಿಪಿ-7 ಎಂಬ ಚಿಕ್ಕ ಯಂತ್ರದಲ್ಲಿ ಈ ಫೋರ್ಕನ್ನು ಬರೆಯುವುದಕ್ಕೆ 27 ಪಂಕ್ತಿಗಳು ಸಾಕಾದುವೆಂದು ರಿಚಿಯು ಯೂನಿಕ್ಸಿನ ವಿಕಾಸವನ್ನು ಕುರಿತ ತನ್ನ ಪ್ರಬಂಧದಲ್ಲಿ ಹೇಳಿದ್ದಾನೆ.

ಅದೇ ಪ್ರಬಂಧದಲ್ಲಿ ಬರುವ ಒಂದು ವೃತ್ತಾಂತವು ಪ್ರಕೃತ ವಿಷಯಕ್ಕೆ ಬಹಳ ಉಪಕಾರಕವಾದುದು. ಒಂದು ಕಡತಕೋಶದಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಇದ್ದ ಆಜ್ಞೆಯು ಫೋರ್ಕ್ ಬಂದ ಕೂಡಲೆ ಕೆಲಸ ಮಾಡುವುದನ್ನು ನಿಲ್ಲಿಸಿಬಿಟ್ಟಿತಂತೆ. ಆ ಆಜ್ಞೆಯಲ್ಲಿ ಯಾವ ಅಕ್ಷರವೂ ಬದಲಾಗಿರಲಿಲ್ಲ. ಬಹಳ ಹುಡುಕಿದ ಮೇಲೆ ಕಾರಣವು ತಿಳಿಯಿತು. ಷೆಲ್ ಈಗ ಶಿಶುವನ್ನು ಹುಟ್ಟಿಸಿ ಅದರ ಕೈಯಲ್ಲಿ ಆ ಆಜ್ಞೆಯನ್ನು ನಡೆಯಿಸುತ್ತಿತ್ತು. ಶಿಶುವು ಸ್ಥಾನವನ್ನು ಬದಲಾಯಿಸಿಕೊಂಡು ಕೂಡಲೆ ಸಾಯುತ್ತಿತ್ತು. ತಾಯಿಯು ಇದ್ದಲ್ಲಿಯೇ ಇರುತ್ತಿದ್ದಳು. ಆದುದರಿಂದ ಆ ಒಂದು ಆಜ್ಞೆಯನ್ನು ಷೆಲ್ ತಾನೇ ನಡೆಯಿಸುವಂತೆ ವಿಶೇಷವಿಧಿಯನ್ನು ಮಾಡಬೇಕಾಯಿತು. ತಾಯಿಯಲ್ಲಿದ್ದುದೆಲ್ಲ ಶಿಶುವಿಗೆ ಬರುವುದು, ಶಿಶುವಿನಲ್ಲಿ ಆದುದು ಯಾವುದೂ ತಾಯಿಗೆ ತಾನಾಗಿ ಹೋಗದು ಎಂಬ ಈ ನಿಯಮವನ್ನು ಮರೆತವರ ಲಿಪಿಗಳಲ್ಲಿ ಇಂದಿಗೂ ಅದೇ ದೋಷವು ಬೇರೆ ವೇಷದಲ್ಲಿ ಕಾಣುವುದು. ವಿಫಲವಾದ ಪುಟಗಳನ್ನು ಎಣಿಸುವುದಕ್ಕೆಂದು ಒಂದು ಚರಾಕ್ಷರವನ್ನು ಇಟ್ಟುಕೊಂಡು, ಹಿನ್ನೆಲೆಯ ಶಿಶುವಿನೊಳಗೆ ಅದನ್ನು ಒಂದೊಂದಾಗಿ ಹೆಚ್ಚಿಸಿದರೆ, ಕೊನೆಗೆ ತಾಯಿಯು ಓದಿದಾಗ ಅದು ಸೊನ್ನೆಯಾಗಿಯೇ ಇರುವುದು. ವಿಫಲವಾದುದು ಒಂದೂ ಇಲ್ಲವೆಂದು ಆಗ ತಪ್ಪಾಗಿ ತಿಳಿಯುವಂತಾಗುತ್ತದೆ.

ಇನ್ನು ಹಿನ್ನೆಲೆ ಎಂದರೇನೆಂಬುದು. ಸಾಮಾನ್ಯವಾಗಿ ಷೆಲ್ ಶಿಶುವನ್ನು ಹುಟ್ಟಿಸಿ, ಅದು ಮುಗಿಯುವವರೆಗೂ ಕಾದು, ಬಳಿಕ ಮುಂದಿನ ಆಜ್ಞೆಯನ್ನು ಓದುವುದು. ಆಜ್ಞೆಯ ಕೊನೆಯಲ್ಲಿ & ಎಂಬ ಚಿಹ್ನೆಯನ್ನು ಬರೆದರೆ ಷೆಲ್ ಕಾಯದೆ ಮುಂದೆ ಹೋಗುವುದು. ಹಿನ್ನೆಲೆ ಎಂಬುದಕ್ಕೆ ಇಷ್ಟೇ ಅರ್ಥ. ಹಿನ್ನೆಲೆಯ ಪ್ರಕ್ರಿಯೆಯೆಂದು ಬೇರೊಂದು ಜಾತಿಯಿಲ್ಲ; ಕಾಯುವ ವ್ಯಾಪಾರದ ಅಭಾವವೇ ಹಿನ್ನೆಲೆ. ಲ್ಯಾಟಿನ್ ಭಾಷೆಯಲ್ಲಿ ಸಮುಚ್ಚಯಾರ್ಥವುಳ್ಳ ‘ಎಟ್’ ಎಂಬ ಅವ್ಯಯದ ಎರಡಕ್ಷರಗಳನ್ನು ಕೂಡಿಸಿ ಬರೆಯುವುದರಿಂದ ಈ ಚಿಹ್ನೆಯ ಆಕೃತಿಯು ಹುಟ್ಟಿತು. ಸಂಸ್ಕೃತದ ಚಕಾರದ ಸ್ಥಾನದಲ್ಲಿ ನಿಲ್ಲತಕ್ಕುದು. ‘ಇದನ್ನು ಮಾಡು, ಮತ್ತು’ ಎಂದು ಹೇಳಿ ಉಸಿರು ನಿಲ್ಲಿಸದೆ ಮುಂದಿನ ವಾಕ್ಯಕ್ಕೆ ಹೋಗುವಂತೆ ಈ ಪ್ರಯೋಗವಿರುವುದು.

ಕಾಯದೆ ಮುಂದೆ ಹೋದ ಮೇಲೆ ಆ ಶಿಶುವನ್ನು ಮತ್ತೆ ಗುರುತಿಸುವುದು ಹೇಗೆ? ಕರ್ನೆಲ್ ಪ್ರತಿಯೊಂದು ಪ್ರಕ್ರಿಯೆಗೂ ಹುಟ್ಟುವಾಗಲೇ ಒಂದು ಸಂಖ್ಯೆಯನ್ನು ಕೊಡುವುದು. ಕಡೆಯದಾಗಿ ಹಿನ್ನೆಲೆಗೆ ಕಳುಹಿಸಿದ ಪ್ರಕ್ರಿಯೆಯ ಸಂಖ್ಯೆಯನ್ನು ಷೆಲ್ $! ಎಂಬ ಚಿಹ್ನೆಯಲ್ಲಿ ಇಟ್ಟಿರುವುದು. ಇನ್ನೊಂದನ್ನು ಹಿನ್ನೆಲೆಗೆ ಕಳುಹಿಸಿದೊಡನೆ ಹಿಂದಿನ ಬೆಲೆಯು ಅಳಿಸಿಹೋಗುವುದರಿಂದ, & ಎಂದು ಬರೆದ ಮರುಪಂಕ್ತಿಯಲ್ಲಿಯೇ ಅದನ್ನು ಬೇರೊಂದು ಚರಾಕ್ಷರಕ್ಕೆ ಎತ್ತಿಡತಕ್ಕದ್ದು.

ಹೀಗೆ ಎತ್ತಿಟ್ಟ ಸಂಖ್ಯೆಗೆ ಎರಡು ಉಪಯೋಗಗಳುಂಟು. ವೇಟ್ ಎಂಬ ಆಜ್ಞೆಗೆ ಕೊಟ್ಟರೆ ಆ ಶಿಶುವು ಮುಗಿಯುವವರೆಗೂ ಷೆಲ್ ಕಾಯುವುದು. ಕಿಲ್ ಎಂಬ ಆಜ್ಞೆಗೆ ಕೊಟ್ಟರೆ ಆ ಸಂಖ್ಯೆಯ ಪ್ರಕ್ರಿಯೆಗೆ ಒಂದು ಸಿಗ್ನಲ್ ಹೋಗುವುದು. ಎರಡರಲ್ಲಿಯೂ ಬರೆಯುವುದು ಅದೇ ಸಂಖ್ಯೆ. ಆದರೆ ಎರಡೂ ಅದನ್ನು ಅರ್ಥಮಾಡುವ ರೀತಿ ಒಂದೇ ಅಲ್ಲ. ವೇಟ್ ಆಜ್ಞೆಯು ‘ನನ್ನ ಶಿಶುಗಳಲ್ಲಿ ಈ ಸಂಖ್ಯೆಯುಳ್ಳದ್ದು’ ಎಂದು ಸಂಬಂಧಪೂರ್ವಕವಾಗಿ ತಿಳಿಯುವುದು. ಕಿಲ್ ಆಜ್ಞೆಯು ‘ಈಗ ಈ ಸಂಖ್ಯೆಯು ಯಾರದೋ ಅವರು’ ಎಂದು ಸಂಜ್ಞಾಮಾತ್ರದಿಂದ ತಿಳಿಯುವುದು. ಹಿನ್ನೆಲೆಯ ಪ್ರಕ್ರಿಯೆಗಳ ನಿರ್ವಹಣದಲ್ಲಿ ಬರುವ ಬಹುಪಾಲು ಅನರ್ಥಗಳು ಈ ಭೇದವನ್ನು ಗಮನಿಸದೆ ಇರುವುದರಿಂದಲೇ ಬರುವುವು.

ಮೊದಲು ವೇಟ್ ವಿಚಾರ. ಪ್ರತಿಯೊಂದು ಪ್ರಕ್ರಿಯೆಯೂ ಮುಗಿಯುವಾಗ 0ಯಿಂದ 255ರ ಒಳಗಿನ ಒಂದು ಫಲಸಂಖ್ಯೆಯನ್ನು ಬಿಟ್ಟುಹೋಗುವುದು. ಸೊನ್ನೆಯೆಂದರೆ ಸಫಲ, ಉಳಿದುವೆಲ್ಲ ವಿಫಲ. ಶೂನ್ಯಕ್ಕೆ ಸಾಫಲ್ಯಾರ್ಥವನ್ನು ಕೊಟ್ಟುದು ವಿಪರೀತವೆಂದು ಮೊದಲು ತೋರಬಹುದು. ಆದರೆ ಸಾಫಲ್ಯವು ಏಕರೂಪವಾದುದು, ವೈಫಲ್ಯವು ನಾನಾ ರೂಪವಾದುದು ಎಂಬುದನ್ನು ನೋಡಿದರೆ ಯುಕ್ತವಾಗಿಯೇ ಇದೆ. ಸಿಗ್ನಲ್ಲಿನಿಂದ ಸತ್ತ ಪ್ರಕ್ರಿಯೆಯಾದರೆ ಷೆಲ್ ಆ ಸಿಗ್ನಲ್ಲಿನ ಅಂಕಕ್ಕೆ 128ನ್ನು ಕೂಡಿಸಿ ಹೇಳುವುದು. 15ನೆಯದಾದ ಟರ್ಮ್ ಎಂಬ ಸಿಗ್ನಲ್ಲಿನಿಂದ ಸತ್ತುದಕ್ಕೆ 143, 9ನೆಯದರಿಂದ ಸತ್ತುದಕ್ಕೆ 137. ವೇಟ್ ಆಜ್ಞೆಗೆ ಒಂದು ಸಂಖ್ಯೆಯನ್ನು ಕೊಟ್ಟರೆ, ಅದು ಕಾದು, ಆ ಶಿಶುವಿನ ಫಲಸಂಖ್ಯೆಯನ್ನೇ ತನ್ನ ಫಲಸಂಖ್ಯೆಯಾಗಿ ತಂದುಕೊಡುವುದು. ತನ್ನ ಶಿಶುವಲ್ಲದ ಪ್ರಕ್ರಿಯೆಯ ಸಂಖ್ಯೆಯನ್ನು ಕೊಟ್ಟರೆ 127 ಎಂದು ಹೇಳಿ ನಿರಾಕರಿಸುವುದು.

ಆದರೆ ವೇಟ್ ಎಂದು ಮಾತ್ರ ಬರೆದು ಸಂಖ್ಯೆಯನ್ನು ಕೊಡದಿದ್ದರೆ, ಷೆಲ್ ತನ್ನ ಶಿಶುಗಳೆಲ್ಲ ಮುಗಿಯುವವರೆಗೂ ಕಾದು ಕೊನೆಗೆ ಸೊನ್ನೆಯನ್ನು ಹೇಳುವುದು. ಶಿಶುಗಳಲ್ಲಿ ಎಷ್ಟು ವಿಫಲವಾಗಿದ್ದರೂ ಸೊನ್ನೆಯೇ. ಆರಂಭದಲ್ಲಿ ಹೇಳಿದ ಹನ್ನೆರಡು ಪುಟಗಳು ಕಳೆದುಹೋಗುವುದು ಇಲ್ಲಿಯೇ. ಲಿಪಿಯನ್ನು ಬರೆದವನು ಪುಟಗಳನ್ನೆಲ್ಲ ಹಿನ್ನೆಲೆಗೆ ಕಳುಹಿಸಿ, ಕೊನೆಯಲ್ಲಿ ವೇಟ್ ಎಂಬ ಒಂದು ಪದವನ್ನು ಬರೆದು, ಅದು ಸೊನ್ನೆಯನ್ನು ಕೊಟ್ಟಿತೆಂಬುದರಿಂದ ಎಲ್ಲವೂ ಸಫಲವೆಂದು ಊಹಿಸುವನು. ಆ ಸೊನ್ನೆಯು ‘ಕಾದುದಾಯಿತು’ ಎಂಬುದಕ್ಕೆ ಸಾಕ್ಷಿಯೇ ಹೊರತು ‘ಆದುದೆಲ್ಲ ಸರಿಯಾಯಿತು’ ಎಂಬುದಕ್ಕೆ ಸಾಕ್ಷಿಯಲ್ಲ. ಪ್ರತಿಯೊಂದು ಸಂಖ್ಯೆಯನ್ನೂ ಅದರ ಪುಟದ ಹೆಸರಿನೊಡನೆ ಜೋಡಿಸಿಟ್ಟು, ಒಂದೊಂದಕ್ಕೂ ಪ್ರತ್ಯೇಕವಾಗಿ ವೇಟ್ ಮಾಡಿ, ಒಂದೊಂದರ ಫಲವನ್ನೂ ನೋಡತಕ್ಕದ್ದು. ಇದಕ್ಕೆ ಬೇಕಾಗುವುದು ನಾಲ್ಕೈದು ಪಂಕ್ತಿಗಳು ಮಾತ್ರ.

ಆರು ನೂರು ಶಿಶುಗಳನ್ನು ಒಂದೇ ಸಲ ಹುಟ್ಟಿಸಿದರೆ ಯಂತ್ರವು ತತ್ತರಿಸುವುದರಿಂದ, ನಾಲ್ಕು ನಾಲ್ಕಾಗಿ ನಡೆಯಿಸುವುದು ವಿವೇಕ. ನಾಲ್ಕರಲ್ಲಿ ಯಾವುದು ಮೊದಲು ಮುಗಿದರೂ ಅದರ ಸ್ಥಾನಕ್ಕೆ ಐದನೆಯದನ್ನು ತರಬೇಕು. ಬ್ರಯಾನ್ ಫಾಕ್ಸ್ 1989ರಲ್ಲಿ ಗ್ನೂ ಯೋಜನೆಗಾಗಿ ಪ್ರಕಟಿಸಿದ ಬ್ಯಾಷ್ ಎಂಬ ಷೆಲ್ಲಿನಲ್ಲಿ, 2014ರ 4.3ನೆಯ ಆವೃತ್ತಿಯಿಂದ, ವೇಟ್ ಆಜ್ಞೆಗೆ ‘-ಎನ್’ ಎಂಬ ವಿಶೇಷಣವನ್ನು ಸೇರಿಸಿದರೆ ಯಾವುದಾದರೊಂದು ಮುಗಿದ ಕೂಡಲೆ ಅದರ ಫಲವು ಬರುವುದು. ಆದರೆ ಹಾಗೆ ಬಂದ ಫಲವು ಯಾರದೆಂಬುದನ್ನು ಅದು ಹೇಳುತ್ತಿರಲಿಲ್ಲ. ಧರ್ಮವು ತಿಳಿಯುತ್ತಿತ್ತು, ಧರ್ಮಿಯು ತಿಳಿಯುತ್ತಿರಲಿಲ್ಲ. ಈ ನ್ಯೂನತೆಯು 2020ರ 5.1ನೆಯ ಆವೃತ್ತಿಯಲ್ಲಿ ‘-ಪಿ’ ಎಂಬ ಇನ್ನೊಂದು ವಿಶೇಷಣದಿಂದ ಪರಿಹಾರವಾಯಿತು. ಅದರ ಮುಂದೆ ಕೊಟ್ಟ ಚರಾಕ್ಷರದಲ್ಲಿ ಮುಗಿದ ಶಿಶುವಿನ ಸಂಖ್ಯೆಯು ದೊರೆಯುವುದು. ಹಳೆಯ ಬ್ಯಾಷ್ ಇರುವ ಯಂತ್ರದಲ್ಲಿ ‘-ಎನ್’ ಒಂದನ್ನೇ ನಂಬಿ ಪುಟದ ಹೆಸರನ್ನು ಊಹಿಸುವುದು ಕೂಡದು.

ಮುಗಿದ ಪ್ರಕ್ರಿಯೆಯ ಅವಸ್ಥೆಯನ್ನು ಕುರಿತು ಸ್ವಲ್ಪ ವಿಸ್ತರಿಸುವುದು ಆವಶ್ಯಕ. ಶಿಶುವು ಸತ್ತ ಮೇಲೂ ತಾಯಿಯು ಅದರ ಫಲವನ್ನು ಕೇಳಿ ಪಡೆಯುವವರೆಗೆ, ಕರ್ನೆಲ್ ಅದರ ಸಂಖ್ಯೆಯನ್ನೂ ಫಲವನ್ನೂ ತನ್ನ ಪಟ್ಟಿಯಲ್ಲಿ ಉಳಿಸಿಕೊಂಡಿರುವುದು. ಆ ಅವಸ್ಥೆಯಲ್ಲಿರುವ ಪ್ರಕ್ರಿಯೆಗೆ ಯೂನಿಕ್ಸಿನವರು ಜೊಂಬಿ ಎಂದು ಹೆಸರಿಟ್ಟಿದ್ದಾರೆ. ಹೈಟಿ ದ್ವೀಪದ ಜನರ ನಂಬಿಕೆಯಲ್ಲಿ ಜೊಂಬಿ ಎಂದರೆ ಸತ್ತ ಮೇಲೂ ಎದ್ದು ಓಡಾಡುತ್ತ ಪರರ ಚಾಕರಿ ಮಾಡತಕ್ಕ ಶವ. ಈ ಹೆಸರು ಅಷ್ಟು ಸಮಂಜಸವಲ್ಲ. ಇಲ್ಲಿ ಸತ್ತ ಪ್ರಕ್ರಿಯೆಯು ಯಾವ ಕೆಲಸವನ್ನೂ ಮಾಡದು, ಜ್ಞಾಪಕಸ್ಥಾನವನ್ನೂ ಹಿಡಿದಿಟ್ಟುಕೊಳ್ಳದು. ಹೆಸರೂ ಕರ್ಮಫಲವೂ ಮಾತ್ರ ಉಳಿದು, ಸಂಬಂಧಿಯು ಮಾಡಬೇಕಾದ ಕ್ರಿಯೆಯನ್ನು ಎದುರುನೋಡುತ್ತಿರುವುದು. ನಮ್ಮಲ್ಲಿ ಸಪಿಂಡೀಕರಣಕ್ಕೆ ಮುಂಚಿನ ಪ್ರೇತಾವಸ್ಥೆಯೆಂದು ಹೇಳುವುದಕ್ಕೆ ಇದು ಎಷ್ಟೋ ಹತ್ತಿರವಾದುದು. ಭೇದವಿಷ್ಟೆ: ಅಲ್ಲಿ ಪುತ್ರನು ತಂದೆಗೆ ಮಾಡುವನು, ಇಲ್ಲಿ ತಾಯಿಯು ಶಿಶುವಿಗೆ ಮಾಡಬೇಕಾಗಿದೆ.

ತಾಯಿಯೇ ಮೊದಲು ಸತ್ತರೆ ಶಿಶುಗಳು ಸಾಯುವುವೆಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ಅವು ಅನಾಥವಾಗಿ ಬದುಕಿರುವುವು. ಅಂಥವನ್ನು ಸಾಮಾನ್ಯವಾಗಿ ಒಂದನೆಯ ಸಂಖ್ಯೆಯುಳ್ಳ ಪ್ರಕ್ರಿಯೆಯು ದತ್ತು ತೆಗೆದುಕೊಂಡು, ಕಾಲಾಂತರದಲ್ಲಿ ಅವುಗಳ ಅಂತ್ಯಕ್ರಿಯೆಯನ್ನು ನೆರವೇರಿಸುವುದು. ವ್ಯವಸ್ಥೆಯು ಲೋಕಕ್ಕೆ ಹಿತವೇ ಆದರೂ ಸಂಪಾದಕನಿಗೆ ಇದರಿಂದ ನಷ್ಟವುಂಟು. ರಾತ್ರಿ ಲಿಪಿಯು ಯಾವುದೋ ಕಾರಣದಿಂದ ನಿಂತು, ಬೆಳಗ್ಗೆ ಅದನ್ನೇ ಮತ್ತೆ ನಡೆಯಿಸಿದರೆ, ಹೊಸ ಷೆಲ್ ಹಳೆಯ ಶಿಶುಗಳ ತಾಯಿಯಲ್ಲ. ಅವುಗಳ ಸಂಖ್ಯೆಯನ್ನು ಎಲ್ಲಿಯೋ ಬರೆದಿಟ್ಟುಕೊಂಡಿದ್ದರೂ ವೇಟ್ ಅದನ್ನು ಒಪ್ಪದೆ 127 ಎನ್ನುವುದು. ಅವುಗಳ ಫಲವು ದತ್ತು ತೆಗೆದುಕೊಂಡವರಿಗೆ ಸೇರಿಹೋಯಿತು. ಸಂಜ್ಞೆಯು ಕೈಯಲ್ಲಿದ್ದರೂ ಸಂಬಂಧವು ಹೋಯಿತು. ಹೋದ ಸಂಬಂಧವನ್ನು ಸಂಜ್ಞೆಯಿಂದ ಮರಳಿ ಕಟ್ಟುವುದಕ್ಕಾಗುವುದಿಲ್ಲ.

ಲಿಪಿಯು ನಡುವೆ ನಿಲ್ಲುವುದಕ್ಕೆ ಸಾಮಾನ್ಯ ಕಾರಣಗಳು ಎರಡು. ಒಂದು, ಬಳಸುವವನು ಟರ್ಮಿನಲ್ಲನ್ನು ಮುಚ್ಚಿ ಹೋಗುವುದು. ದೂರದ ಯಂತ್ರಗಳೊಡನೆ ಟೆಲಿಫೋನ್ ತಂತಿಯ ಮೂಲಕ ವ್ಯವಹರಿಸುತ್ತಿದ್ದ ಕಾಲದಲ್ಲಿ, ಫೋನನ್ನು ಇಟ್ಟುಬಿಟ್ಟರೆ ಅಲ್ಲಿಯ ಪ್ರಕ್ರಿಯೆಗಳಿಗೆ ಹಪ್ ಎಂಬ ಒಂದನೆಯ ಸಿಗ್ನಲ್ ಹೋಗಿ ಅವು ಸಾಯುತ್ತಿದ್ದುವು. ತಂತಿಯು ಹೋದರೂ ಆ ಸಿಗ್ನಲ್ ಉಳಿದಿದೆ. ಅದರ ನಿವಾರಣೆಗಾಗಿ ನೋಹಪ್ ಎಂಬ ಆಜ್ಞೆಯಿದೆ. ಅದು ಆ ಸಿಗ್ನಲ್ಲನ್ನು ಉಪೇಕ್ಷಿಸತಕ್ಕುದೆಂದು ಗೊತ್ತುಮಾಡಿ ಅನಂತರ ಉದ್ದಿಷ್ಟ ಕೆಲಸದ ರೂಪವನ್ನು ತಾಳುವುದು. ರೂಪವು ಬದಲಾದರೂ ಉಪೇಕ್ಷೆಯ ನಿಯಮವು ಉಳಿಯುವುದೆಂಬುದು ಎಕ್ಸೆಕ್ಕಿನ ಸ್ವಭಾವ.

ಎರಡನೆಯ ಕಾರಣವು ಬಳಸುವವನು ಕಂಟ್ರೋಲ್ ಮತ್ತು ಸಿ ಎಂಬ ಕೀಲಿಗಳನ್ನು ಒತ್ತಿ ನಿಲ್ಲಿಸುವುದು. ಇದರಲ್ಲಿ ಒಂದು ಸೂಕ್ಷ್ಮವುಂಟು. ಆ ಕೀಲಿಗಳಿಂದ ಇಂಟ್ ಎಂಬ ಎರಡನೆಯ ಸಿಗ್ನಲ್ ಮುನ್ನೆಲೆಯ ಗುಂಪಿನಲ್ಲಿರುವ ಸಕಲ ಪ್ರಕ್ರಿಯೆಗಳಿಗೂ ಹೋಗುವುದು. ಲಿಪಿಯೊಳಗಿಂದ & ಚಿಹ್ನೆಯ ಮೂಲಕ ಹುಟ್ಟಿದ ಶಿಶುಗಳೂ ಸಾಮಾನ್ಯವಾಗಿ ಅದೇ ಗುಂಪಿನಲ್ಲಿರುವುವು. ಆದರೂ ಅವು ಸಾಯುವುದಿಲ್ಲ; ಏಕೆಂದರೆ ಲಿಪಿಯನ್ನು ನಡೆಯಿಸತಕ್ಕ ಷೆಲ್ ತನ್ನ ಹಿನ್ನೆಲೆಯ ಶಿಶುಗಳಿಗೆ ಇಂಟ್ ಸಿಗ್ನಲ್ಲನ್ನು ಉಪೇಕ್ಷಿಸುವಂತೆ ಹುಟ್ಟಿನಲ್ಲಿಯೇ ವಿಧಿಸಿರುವುದು. ಪೋಸಿಕ್ಸ್ ಎಂಬ ಪ್ರಮಾಣಗ್ರಂಥದಲ್ಲಿಯೂ ಇದೇ ವಿಧಿಯಿದೆ. ಹೀಗೆ ತಾಯಿಯು ಸಾಯುವಳು, ಶಿಶುಗಳು ಅನಾಥವಾಗಿ ಮುಂದುವರಿಯುವುವು; ಕೀಲಿಯನ್ನು ಒತ್ತಿದವನು ಎಲ್ಲವೂ ನಿಂತಿತೆಂದು ತಿಳಿದು ಲಿಪಿಯನ್ನು ಮತ್ತೆ ನಡೆಯಿಸುವನು. ಆಗ ಒಂದೇ ಪುಟದ ಪಠ್ಯವನ್ನು ಹಳೆಯ ಶಿಶುವೊಂದು, ಹೊಸ ಶಿಶುವೊಂದು, ಒಂದೇ ಕಡತದಲ್ಲಿ ಬರೆಯತೊಡಗುವುವು. ಎರಡು ಕೈಗಳು ಒಂದೇ ಓಲೆಯ ಮೇಲೆ ಏಕಕಾಲದಲ್ಲಿ ಬರೆದಂತೆ ಪಾಠವು ಕಲಸಿಹೋಗಬಹುದು.

ಇದಕ್ಕೆ ಪರಿಹಾರವು ಟ್ರ್ಯಾಪ್ ಎಂಬ ಆಜ್ಞೆ. ಇಂಥ ಸಿಗ್ನಲ್ ಬಂದರೆ ಇಂಥ ಕಾರ್ಯವನ್ನು ಮಾಡತಕ್ಕುದೆಂದು ಲಿಪಿಯ ಆರಂಭದಲ್ಲಿಯೇ ಅದರಿಂದ ವಿಧಿಸಬಹುದು. ಇಂಟ್ ಅಥವಾ ಟರ್ಮ್ ಬಂದಾಗ ಎತ್ತಿಟ್ಟ ಸಂಖ್ಯೆಗಳಿಗೆಲ್ಲ ಟರ್ಮ್ ಸಿಗ್ನಲ್ಲನ್ನು ಕಳುಹಿಸಿ, ಅವು ಮುಗಿಯುವವರೆಗೆ ಮತ್ತೆ ವೇಟ್ ಮಾಡಿ, ಆಮೇಲೆ ತಾನು ಮುಗಿಯತಕ್ಕುದೆಂಬುದು ಸಾಧುವಾದ ವಿಧಿ. ಶಿಶುಗಳು ಉಪೇಕ್ಷಿಸುವುದು ಇಂಟ್ ಸಿಗ್ನಲ್ಲನ್ನು, ಟರ್ಮನ್ನು ಅಲ್ಲ. ಟ್ರ್ಯಾಪನ್ನು ಬರೆದರೂ ಕೆಲಸ ಮಾಡಲಿಲ್ಲವೆಂದು ಕೆಲವರು ಆಕ್ಷೇಪಿಸುವುದುಂಟು. ಷೆಲ್ ಮುನ್ನೆಲೆಯ ಕೆಲಸವೊಂದು ಮುಗಿಯಲೆಂದು ಕಾಯುತ್ತಿರುವಾಗ ಸಿಗ್ನಲ್ ಬಂದರೆ, ಆ ಕೆಲಸವು ಮುಗಿದ ಮೇಲಲ್ಲದೆ ಟ್ರ್ಯಾಪಿನ ವಿಧಿಯನ್ನು ನಡೆಯಿಸದು. ಒಂದು ಗಂಟೆಯ ಕೆಲಸವಾದರೆ ಒಂದು ಗಂಟೆಯ ವಿಳಂಬ. ವೇಟ್ ಆಜ್ಞೆಯಲ್ಲಿ ಕಾಯುತ್ತಿರುವಾಗ ಬಂದರೆ ಮಾತ್ರ ವೇಟ್ ಕೂಡಲೆ 128ಕ್ಕಿಂತ ಹೆಚ್ಚಿನ ಫಲದೊಡನೆ ಹಿಂದಿರುಗಿ, ವಿಧಿಯು ನಡೆಯುವುದು. ಆದುದರಿಂದ ಒಂದೇ ಕೆಲಸವಿದ್ದರೂ ಅದನ್ನು ಹಿನ್ನೆಲೆಗೆ ಕಳುಹಿಸಿ ವೇಟ್ ಮಾಡುವುದನ್ನು ಬಲ್ಲವರು ರೂಢಿಮಾಡಿಕೊಂಡಿದ್ದಾರೆ. ಒಂಬತ್ತನೆಯ ಸಿಗ್ನಲ್ಲಿಗೆ ಮಾತ್ರ ಯಾವ ಟ್ರ್ಯಾಪೂ ಇಲ್ಲ. ಅದರಿಂದ ಸತ್ತವನಿಗೆ ಕೊನೆಯ ಮಾತನ್ನಾಡುವ ಅವಕಾಶವಿಲ್ಲ. ಬಲ್ಲವರಲ್ಲದವರು ಮೊದಲೇ ಒಂಬತ್ತನ್ನು ಕಳುಹಿಸುವ ಅಭ್ಯಾಸವು ಖಂಡನೀಯವಾದುದು.

ಇನ್ನು ಸಂಜ್ಞೆಯನ್ನೇ ನಂಬುವವರ ಪಕ್ಷ. ತಾಯಿಯು ಸತ್ತರೂ ಶಿಶುವನ್ನು ಹುಡುಕಬಹುದಲ್ಲವೆ, ಅದರ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಸಾಕಲ್ಲವೆ, ಎಂಬುದು ಪೂರ್ವಪಕ್ಷ. ಈ ಪದ್ಧತಿಯು ಬಹಳ ಹಳೆಯದು. ಅಂಥ ಕಡತಕ್ಕೆ ಪಿಡ್ ಕಡತವೆಂದು ಹೆಸರು. ನಿಲ್ಲಿಸಬೇಕಾದಾಗ ಕಡತದಿಂದ ಸಂಖ್ಯೆಯನ್ನು ಓದಿ ಕಿಲ್ ಮಾಡುವುದು. ಬದುಕಿದೆಯೇ ಎಂದು ತಿಳಿಯಬೇಕಾದರೆ ಕಿಲ್ ಆಜ್ಞೆಗೆ ಸೊನ್ನೆಯ ಸಿಗ್ನಲ್ಲನ್ನು ಕೊಡುವುದು. ಸೊನ್ನೆಯ ಸಿಗ್ನಲ್ ಯಾರನ್ನೂ ಮುಟ್ಟದು. ಆ ಸಂಖ್ಯೆಯ ಪ್ರಕ್ರಿಯೆಯು ಇದೆಯೆಂದೂ ಅದಕ್ಕೆ ಸಿಗ್ನಲ್ ಕಳುಹಿಸುವ ಅಧಿಕಾರವಿದೆಯೆಂದೂ ಮಾತ್ರ ತಿಳಿಸುವುದು.

ಸಂಖ್ಯೆಗಳು ಅನಂತವಾಗಿದ್ದರೆ ಈ ಪಕ್ಷವು ನಿಲ್ಲುತ್ತಿತ್ತು. ಲಿನಕ್ಸ್ ಪದ್ಧತಿಯಲ್ಲಿ ಬಹುಕಾಲದಿಂದ ಬಂದ ಮಿತಿಯು 32768. 64 ಬಿಟ್ಟಿನ ಯಂತ್ರಗಳಲ್ಲಿ ಇದನ್ನು 4194304ರ ವರೆಗೆ ಹೆಚ್ಚಿಸಬಹುದು. ಸಂಖ್ಯೆಗಳನ್ನು ಅನುಕ್ರಮವಾಗಿ ಕೊಡುತ್ತ ಹೋಗಿ, ಮಿತಿಯನ್ನು ಮುಟ್ಟಿದೊಡನೆ ಕರ್ನೆಲ್ ಹಿಂದಿರುಗಿ ಬಿಡುವಾದ ಸಂಖ್ಯೆಗಳನ್ನು ಮತ್ತೆ ಕೊಡಲಾರಂಭಿಸುವುದು. ಓಪನ್‌ಬಿಎಸ್‌ಡಿ ಪದ್ಧತಿಯಲ್ಲಿ ಅನುಕ್ರಮವೂ ಇಲ್ಲ. ಸಂಖ್ಯೆಗಳು ಯಾದೃಚ್ಛಿಕವಾಗಿ ಬರುವುವು. ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿದರಂತೂ ಎಲ್ಲವೂ ಮೊದಲಿನಿಂದ. ಆದುದರಿಂದ ಕಡತದಲ್ಲಿ ಉಳಿದ 2417 ಎಂಬ ಸಂಖ್ಯೆಯು ನಿನ್ನೆ ಅಕ್ಷರಾಭಿಜ್ಞಾನದ ಪ್ರಕ್ರಿಯೆಗೆ ಸಂಜ್ಞೆಯಾಗಿದ್ದುದು ಇಂದು ಬೇರೊಬ್ಬರ ಸಂಪಾದನಕಾರ್ಯಕ್ಕೆ ಸಂಜ್ಞೆಯಾಗಿರಬಹುದು. ಹಳೆಯ ಲಿಪಿಯು ಅದನ್ನೋದಿ ಕಿಲ್ ಮಾಡಿದರೆ ನಿರಪರಾಧಿಯು ಸಾಯುವುದು. ಸೊನ್ನೆಯ ಸಿಗ್ನಲ್ಲಿನಿಂದ ಪರೀಕ್ಷಿಸಿದೆನಲ್ಲಾ ಎಂದರೆ, ಆ ಪರೀಕ್ಷೆಯು ‘ಈ ಹೆಸರಿನವರು ಯಾರೋ ಇದ್ದಾರೆ’ ಎಂಬುದನ್ನು ಮಾತ್ರ ಸಾಧಿಸಿತು. ‘ಇವರೇ ಅವರು’ ಎಂಬುದನ್ನು ಸಾಧಿಸಲಿಲ್ಲ. ಸಾಧ್ಯವಿಲ್ಲದ ಕಡೆಯಲ್ಲಿಯೂ ಇರತಕ್ಕ ಈ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆನ್ನುವರು. ಒಂದೇ ಬಿರುದನ್ನು ಹೊತ್ತ ಇಬ್ಬರು ಕವಿಗಳನ್ನು ಬಿರುದಿನಿಂದಲೇ ಒಬ್ಬನೆಂದು ನಿರ್ಣಯಿಸಿದ ಸಾಹಿತ್ಯಚರಿತ್ರಕಾರರ ತಪ್ಪೂ ಇದೇ ಜಾತಿಯದು.

ತಾಯಿಯ ಕೈಯಲ್ಲಿ ಈ ದೋಷವಿಲ್ಲವೆಂಬುದಕ್ಕೆ ಕಾರಣವು ಮೇಲೆ ಹೇಳಿದ ಪ್ರೇತಾವಸ್ಥೆಯೇ. ತಾಯಿಯು ಫಲವನ್ನು ಪಡೆಯುವವರೆಗೂ ಸತ್ತ ಶಿಶುವಿನ ಸಂಖ್ಯೆಯನ್ನು ಕರ್ನೆಲ್ ಬೇರೆಯವರಿಗೆ ಕೊಡದು. ಆದರೆ ಷೆಲ್ಲಿನ ವಿಷಯದಲ್ಲಿ ಈ ಮಾತಿಗೂ ಒಂದು ಸಂಕೋಚವನ್ನು ಮಾಡಬೇಕಾಗಿದೆ. ಬ್ಯಾಷ್ ಶಿಶುವಿನ ಮರಣವಾರ್ತೆಯು ಬಂದಾಗ, ಲಿಪಿಯಲ್ಲಿ ವೇಟ್ ಎಂದು ಬರೆದಿರುವ ಸ್ಥಳಕ್ಕೆ ಇನ್ನೂ ಬಾರದಿದ್ದರೂ, ತಾನೇ ಕರ್ನೆಲ್ಲಿನಿಂದ ಫಲವನ್ನು ಪಡೆದು ತನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುವುದು. ಆಮೇಲೆ ವೇಟ್ ಮಾಡಿದಾಗ ಆ ಪಟ್ಟಿಯಿಂದ ಸರಿಯಾದ ಫಲವೇ ದೊರೆಯುವುದು, ಅಲ್ಲಿ ಸಂಶಯವಿಲ್ಲ. ಆದರೆ ಸಂಖ್ಯೆಯು ಆ ವೇಳೆಗೆ ಬಿಡುಗಡೆಯಾಗಿರುವುದರಿಂದ, ಸತ್ತ ತನ್ನ ಶಿಶುವಿಗೇ ಕಿಲ್ ಮಾಡಿದರೂ ಅದು ಬೇರೆಯವರಿಗೆ ತಗಲುವ ಸಂಭವವು ತೀರ ಅಲ್ಪವಾಗಿಯಾದರೂ ಉಂಟು. ವೇಟ್ ಮಾಡಿ ಮುಗಿದ ಸಂಖ್ಯೆಯನ್ನು ಕೂಡಲೆ ಪಟ್ಟಿಯಿಂದ ತೆಗೆದುಹಾಕಿದರೆ ಆ ಸಂಭವವು ಇನ್ನೂ ಕ್ಷೀಣಿಸುವುದು. ಕರ್ನೆಲ್ಲಿನ ಮಟ್ಟದಲ್ಲಿ ಇದನ್ನು ಪೂರ್ತಿಯಾಗಿ ನಿವಾರಿಸುವುದಕ್ಕಾಗಿ 2019ರಲ್ಲಿ ಲಿನಕ್ಸಿಗೆ ಪಿಡ್‌ಎಫ್‌ಡಿ ಎಂಬ ಸಾಧನವು ಬಂದಿತು. ಅದು ಸಂಖ್ಯೆಯನ್ನು ಬಿಟ್ಟು ಆ ಪ್ರಕ್ರಿಯೆಯನ್ನೇ ಹಿಡಿದಿರತಕ್ಕ ಹಿಡಿ. ಪ್ರಕ್ರಿಯೆಯು ಸತ್ತ ಮೇಲೆ ಇನ್ನೊಂದನ್ನು ಎಂದಿಗೂ ಸೂಚಿಸದು. ಆದರೆ ಅದು ಮುಖ್ಯವಾಗಿ ಸಿ ಮೊದಲಾದ ಭಾಷೆಗಳಲ್ಲಿ ಬರೆಯುವವರಿಗೆ ಉಪಯುಕ್ತವಾದುದು.

ಷೆಲ್ ಲಿಪಿಯನ್ನು ಬರೆಯುವವನಿಗೆ ಪಿಡ್ ಕಡತಕ್ಕಿಂತ ಮೇಲಾದುದು ಎಫ್‌ಲಾಕ್ ಎಂಬ ಆಜ್ಞೆ. ಒಂದು ಕಡತವನ್ನು ತೆರೆದು ಅದರ ಮೇಲೆ ಬೀಗವನ್ನು ಹಾಕಿಕೊಂಡರೆ, ತೆರೆದವರು ಬದುಕಿರುವವರೆಗೆ ಬೀಗವಿರುವುದು. ಒಂಬತ್ತನೆಯ ಸಿಗ್ನಲ್ಲಿನಿಂದ ಸತ್ತರೂ ಕರ್ನೆಲ್ ತಾನೇ ಬೀಗವನ್ನು ತೆಗೆಯುವುದು. ಸತ್ತವನ ಹೆಸರನ್ನು ಹೊತ್ತ ಹಳೆಯ ಕಡತವು ಉಳಿದು ಭ್ರಮೆಯನ್ನುಂಟುಮಾಡುವ ಪ್ರಸಂಗವೇ ಇಲ್ಲ. ತೆರೆದ ಕಡತವು ಶಿಶುಗಳಿಗೂ ತಾಯಿಯಿಂದ ಬರುವುದರಿಂದ, ತಾಯಿ ಸತ್ತರೂ ಅನಾಥ ಶಿಶುವೊಂದು ಉಳಿದಿರುವವರೆಗೆ ಬೀಗವು ಬಿಡುವುದಿಲ್ಲ. ಇದನ್ನು ದೋಷವೆಂದು ಎಣಿಸಿ ಶಿಶುಗಳಲ್ಲಿ ಆ ಕಡತವನ್ನು ಮುಚ್ಚುವವರಿದ್ದಾರೆ. ಪ್ರಕೃತ ಕಾರ್ಯದಲ್ಲಿ ಇದು ಗುಣವೇ: ಹಿಂದಿನ ರಾತ್ರಿಯ ಶಿಶುವು ಇನ್ನೂ ಬರೆಯುತ್ತಿರುವಾಗ ಬೆಳಗಿನ ಲಿಪಿಯು ಆರಂಭವಾಗುವುದೇ ಇಲ್ಲ.

ನಿತ್ಯವೂ ನಡೆಯುತ್ತಿರಬೇಕಾದ ಸೇವಾಪ್ರಕ್ರಿಯೆಗಳಿಗೆ ಡೀಮನ್ ಎಂದು ಹೆಸರು. ಈ ಪದವನ್ನು ಎಂ.ಐ.ಟಿ. ವಿದ್ಯಾಲಯದ ಗಣಕಶಾಸ್ತ್ರಜ್ಞರು 1963ರ ಸುಮಾರಿನಲ್ಲಿ, ಮ್ಯಾಕ್ಸ್‌ವೆಲ್ಲನು ಉಷ್ಣಶಾಸ್ತ್ರದಲ್ಲಿ ಕಲ್ಪಿಸಿದ ಅದೃಶ್ಯ ದ್ವಾರಪಾಲಕನನ್ನು ನೆನೆದು ಪ್ರಯೋಗಿಸಿದರು. ಭೂತಪಿಶಾಚಾರ್ಥವು ಇಲ್ಲಿ ವಿವಕ್ಷಿತವಲ್ಲ. ಇಂಥವು ಬೇಕೆಂದೇ ಅನಾಥವಾಗಿ ತಮ್ಮ ತಾಯಿಯಿಂದ ಬೇರ್ಪಡುತ್ತಿದ್ದುದರಿಂದಲೇ ಪಿಡ್ ಕಡತದ ಆವಶ್ಯಕತೆಯುಂಟಾಯಿತು. 2010ರಲ್ಲಿ ಪ್ರಕಟವಾದ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯು ಒಂದನೆಯ ಸಂಖ್ಯೆಯ ಸ್ಥಾನದಲ್ಲಿ ತಾನೇ ನಿಂತು, ಪ್ರತಿಯೊಂದು ಸೇವೆಯನ್ನೂ ಅದರ ಸಂತತಿಯೊಡನೆ ಒಂದು ಗುಂಪಿನಲ್ಲಿಟ್ಟು ನೋಡಿಕೊಳ್ಳುವುದು. ಎಷ್ಟು ತಲೆಮಾರು ಕವಲೊಡೆದರೂ ಗುಂಪು ತಪ್ಪದು. ನಿತ್ಯಸೇವೆಗಳನ್ನು ಷೆಲ್ ಲಿಪಿಯಲ್ಲಿ ಕಾಯುವುದಕ್ಕಿಂತ ಇದಕ್ಕೆ ಒಪ್ಪಿಸುವುದೇ ಲೇಸು. ಒಂದು ರಾತ್ರಿಯಲ್ಲಿ ಮುಗಿಯತಕ್ಕ ಕೆಲಸಕ್ಕೆ ಲಿಪಿಯು ಸಾಕು.

ಅಂಥ ಲಿಪಿಯಲ್ಲಿ ಕೊನೆಯದಾಗಿ ಒಂದು ಏರ್ಪಾಡು ಇರಬೇಕು. ವಿದ್ಯುಚ್ಛಕ್ತಿಯು ನಿಂತರೆ ತಾಯಿ, ಶಿಶು, ಬೀಗ, ಫಲಗಳ ಪಟ್ಟಿ ಇವೆಲ್ಲವೂ ಒಟ್ಟಿಗೆ ಹೋಗುವುವು. ಉಳಿಯುವುದು ಕಡತಗಳು ಮಾತ್ರ. ಆದುದರಿಂದ ಶಿಶುವು ಪುಟದ ಪಠ್ಯವನ್ನು ಮೊದಲು ಒಂದು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಟೆಸೆರಾಕ್ಟ್ ಸೊನ್ನೆಯ ಫಲವನ್ನು ಕೊಟ್ಟರೆ ಮಾತ್ರ ಅದೇ ಕಡತಕೋಶದೊಳಗೆ ಅದಕ್ಕೆ ಪುಟದ ನಿಜವಾದ ಹೆಸರನ್ನಿಡಬೇಕು. ಒಂದೇ ಕಡತವ್ಯವಸ್ಥೆಯೊಳಗೆ ಹೆಸರಿನ ಬದಲಾವಣೆಯು ನೋಡುವವರಿಗೆ ಅರೆಯಾಗಿ ಕಾಣುವುದಿಲ್ಲ. ಆಗಿರುವುದು, ಇಲ್ಲವೆ ಆಗದಿರುವುದು. ಲಿಪಿಯು ಎಷ್ಟು ಸಲ ನಿಂತು ಎಷ್ಟು ಸಲ ಆರಂಭವಾದರೂ, ನಿಜವಾದ ಹೆಸರುಳ್ಳ ಪುಟಗಳನ್ನು ಬಿಟ್ಟು ಉಳಿದುವನ್ನು ಮಾತ್ರ ಮತ್ತೆ ಹಿನ್ನೆಲೆಗೆ ಕಳುಹಿಸುವುದು. ಎಲ್ಲ ವೇಟುಗಳೂ ಮುಗಿದ ಮೇಲೆ 1ರಿಂದ 600ರ ವರೆಗಿನ ಪುಟಸಂಖ್ಯೆಗಳಿಗೂ ಕೋಶದಲ್ಲಿರುವ ಹೆಸರುಗಳಿಗೂ ತಾಳೆನೋಡಿ, ಇಲ್ಲದ ಪುಟಗಳ ಪಟ್ಟಿಯನ್ನು ಪಠ್ಯದೊಡನೆಯೇ ಬರೆದಿಟ್ಟು, ಆ ಪಟ್ಟಿಯಲ್ಲಿ ಒಂದು ಪುಟವಿದ್ದರೂ ಲಿಪಿಯು ಸೊನ್ನೆಯಲ್ಲದ ಫಲದೊಡನೆ ಮುಗಿಯತಕ್ಕದ್ದು. ಸಂಪಾದಕನು ಬೆಳಗ್ಗೆ ಮೊದಲು ತೆರೆದು ನೋಡಬೇಕಾದುದು ಪಠ್ಯವನ್ನಲ್ಲ, ಆ ಪಟ್ಟಿಯನ್ನು.